ಪಾರಿಯ ಬಲಗೆನ್ನೆ

ನಮ್ಮ ಊರಿನಲ್ಲಿ ಕೂಸಿಗೆ ಹಲ್ಲು ಮೊಳೆಯುವಾಗ ಕೂಸು ಹಾಯಾಗಿ ನಿದ್ದೆ ಮಾಡುತ್ತಿರುತ್ತದೆ, ಅದರ ತಾಯಿ ಸೆರಗಿನ ಚುಂಗು ಕಚ್ಚಿಕೊಂಡು ಅಳುತ್ತಿರುತ್ತಾಳೆ. ಹೊರಗಿನಿಂದ ಬಂದ ನೆಂಟರು ಇದನ್ನು ನೋಡಿ ಗಾಬರಿಯಾಗುತ್ತಾರೆ. ನಮಗೆ ಇದರಲ್ಲಿ ವಿಶೇಷವೇನೂ ಇಲ್ಲ. ಇಲ್ಲಿ ಹಲ್ಲು ಒಬ್ಬರದಾದರೆ ಅದರ ನೋವು ಇನ್ನೊಬ್ಬರದು. ಹಲ್ಲು ಹುಳುಕಾದವರು ಮನಸ್ಸಿನಲ್ಲಿ ಯಾರನ್ನು ಎಲ್ಲರಿಗಿಂತ ಹತ್ತಿರ ಇಟ್ಟುಕೊಂಡಿರುತ್ತಾರೋ ಅವರ ದವಡೆಗೆ ನೋವು ಹೋಗಿ ಕೂರುತ್ತದೆ. ಹುಳುಕಾದವರಿಗೆ ಏನೂ ತಿಳಿಯುವುದಿಲ್ಲ. ಅವರು ಕಟಕಟನೆ ಚಕ್ಕುಲಿ ಕಡಿಯುತ್ತಿರುತ್ತಾರೆ, ಅತ್ತ ಇನ್ನೊಂದು ಮನೆಯಲ್ಲಿ ಯಾರೋ ಲವಂಗ ಒತ್ತಿಕೊಂಡು ಗೋಡೆಗೆ ಹಣೆ ಆನಿಸಿ ನಿಂತಿರುತ್ತಾರೆ.

ಆದ್ದರಿಂದ ಇಲ್ಲಿ ಹಲ್ಲುಜ್ಜುವುದನ್ನು ಯಾರೂ ಬೆಳಗಿನ ಅವಸರದಲ್ಲಿ ಮುಗಿಸಿಬಿಡುವುದಿಲ್ಲ. ಮದುವೆಯಲ್ಲಿ ಹೆಣ್ಣುಗಂಡು ಹಾರದ ಜೊತೆಗೆ ಹೊಸ ಬ್ರಷ್ಷುಗಳನ್ನೂ ಬದಲಾಯಿಸಿಕೊಳ್ಳುತ್ತಾರೆ. ಮಿಠಾಯಿ ಅಂಗಡಿಯ ಮುಂದೆ ನೀರಿನ ಹಂಡೆ ಇಟ್ಟಿರುತ್ತಾರೆ, ತಿಂದು ಬಾಯಿ ಮುಕ್ಕಳಿಸದೆ ಹೊರಟವನನ್ನು "ಯಾರಿಗಪ್ಪಾ ಕೊಡೋಕ್ಕೆ ಹೊರಟಿದೀಯ ಇದನ್ನ?" ಎಂದು ಅಂಗಡಿಯವನೇ ತಡೆದು ನಿಲ್ಲಿಸುತ್ತಾನೆ. ಊಟವಾದ ಮೇಲೆ ಬೀದಿಯವರೆಲ್ಲ ಜಗಲಿಗೆ ಬಂದು ಹಲ್ಲುಜ್ಜುತ್ತಾರೆ. ಆಗ ಇಡೀ ಬೀದಿಯೇ ಸೇರಿ ಅಕ್ಕಿ ತೊಳೆಯುತ್ತಿರುವಂತೆ ಸದ್ದು ಕೇಳುತ್ತದೆ. ವಯಸ್ಸಿಗೆ ಬಂದ ಹುಡುಗ ಇದ್ದಕ್ಕಿದ್ದಂತೆ ಹೊತ್ತುಹೊತ್ತಿಗೂ ಹಲ್ಲುಜ್ಜತೊಡಗಿದರೆ ಅವನ ತಾಯಿ ಹುಡುಗಿ ಯಾರೆಂದು ವಿಚಾರಿಸಲು ಶುರುಮಾಡುತ್ತಾಳೆ. ತಮ್ಮ ಹಲ್ಲಿನ ನೋವು ತಮಗೇ ಬರುವವರೂ ಕೆಲವರಿದ್ದಾರೆ. ಅವರ ಎದುರಿಗೆ ಜನ ಏನೂ ಅನ್ನುವುದಿಲ್ಲ, ಆದರೆ ಹೆಣ್ಣು ಕೊಡುವಾಗ ಹಿಂದೆಮುಂದೆ ನೋಡುತ್ತಾರೆ.

ಆ ಕೆಲವರಲ್ಲಿ ನಾನೂ ಒಬ್ಬಳಿರಬಹುದೆಂಬ ಭಯ ನನಗೆ ಮೊದಲಿನಿಂದಲೂ ಇತ್ತು. ಅಪ್ಪ ಅಮ್ಮ ಬೇಗ ಹೋದರು, ಸೋದರತ್ತೆ ಸಾಕಿದಳು. ಹಗಲೆಲ್ಲ ಊದುಬತ್ತಿ ಹೊಸೆಯುವ ಶೆಡ್ಡಿನಲ್ಲಿ ಕೆಲಸ, ಸಂಜೆ ರಾತ್ರಿಶಾಲೆ. ಬೇರೆ ಹುಡುಗಿಯರು ತೂಕಡಿಸುತ್ತಿದ್ದ ಹೊತ್ತಿನಲ್ಲಿ ನಾನು ಆರೋಗ್ಯದ ಪಾಠವನ್ನು ಕಂಠಪಾಠ ಮಾಡುತ್ತಿದ್ದೆ. ಬ್ರಷ್ಷನ್ನು ಗರಗಸದಂತೆ ಎಳೆಯಬಾರದು, ಒಸಡಿನ ಅಂಚಿನಲ್ಲಿ ಮೆಲ್ಲಗೆ ಸುತ್ತು ತಿರುಗಿಸಬೇಕು. ಹಲ್ಲಿನ ಹೊರಮೈ ಅಷ್ಟೇ ಅಲ್ಲ, ಒಳಮೈಯನ್ನೂ ಉಜ್ಜಬೇಕು. ನಾಲಿಗೆ ಕೆರೆಯಬೇಕು. ಹುಳಿ ತಿಂದ ತಕ್ಷಣ ಉಜ್ಜಬಾರದು, ನೀರಿನಲ್ಲಿ ಮುಕ್ಕಳಿಸಿ ಸ್ವಲ್ಪ ಹೊತ್ತು ಬಿಡಬೇಕು. ಪಾಠದಲ್ಲಿದ್ದದ್ದನ್ನೆಲ್ಲ ನಾನು ಮಾಡುತ್ತಿದ್ದೆ. ನನ್ನ ಹಲ್ಲು ನೋಯದಿದ್ದರೆ ನನ್ನ ಮನಸ್ಸು ಎಂಥದೆಂದು ಯಾರಿಗೂ ಗೊತ್ತಾಗುವುದಿಲ್ಲವಲ್ಲ ಎಂಬ ಧೈರ್ಯ ಅದರ ಹಿಂದೆ ಇತ್ತೆಂದು ಕಾಣುತ್ತದೆ.

ಹಿಟ್ಟಿನ ಗಿರಣಿಯ ರಂಗಧಾಮಯ್ಯನವರಿಗೆ ನನ್ನನ್ನು ಕೊಟ್ಟಾಗ ನನಗೆ ಮೂವತ್ತು ದಾಟಿತ್ತು. ಅವರಿಗೆ ಅದು ಎರಡನೆಯ ಮದುವೆ. ಮೊದಲನೆಯವರು ಜ್ವರ ಬಂದು ತೀರಿಕೊಂಡಿದ್ದರು. ಆರು ವರ್ಷದ ಮಗಳು ಪಾರಿಜಾತ ಇದ್ದಳು, ಎಲ್ಲರ ಬಾಯಲ್ಲಿ ಪಾರಿ. ಹೆಣ್ಣು ನೋಡಲು ಬಂದಾಗ ಅವರು ಸುತ್ತುಬಳಸಿ ಮಾತಾಡಲಿಲ್ಲ. "ನನಗಿಂತ ಮಗೂಗೆ ಒಬ್ರು ಬೇಕು," ಎಂದರು. ಹುಬ್ಬಿನ ತುಂಬ ರಾಗಿಹಿಟ್ಟು ಕೂತಿತ್ತು. ಆ ಹಿಟ್ಟು ನೋಡಿಯೇ ನಾನು ಒಪ್ಪಿಕೊಂಡೆ ಎಂದರೆ ನಗಬೇಡಿ.

ಮಗುವಿಗೆ ಏನೇನು ಬೇಕೋ ಅದನ್ನೆಲ್ಲ ಮಾಡಿದೆ. ಜಡೆ ಹಾಕಿದೆ, ಮಗ್ಗಿ ಹೇಳಿಸಿದೆ, ಜ್ವರ ಬಂದಾಗ ತಣ್ಣೀರು ಪಟ್ಟಿ ಹಾಕಿದೆ, ಸುಳ್ಳು ಹೇಳಿದಾಗ ಗದರಿದೆ. ಆದರೆ ಮಾಡುವಾಗಲೆಲ್ಲ ಒಂದು ಪ್ರಶ್ನೆ ಬೆನ್ನ ಹಿಂದೆ ನಿಂತಿರುತ್ತಿತ್ತು: ನಾನು ಇದನ್ನು ಪ್ರೀತಿಯಿಂದ ಮಾಡುತ್ತಿದ್ದೇನೋ, ತಪ್ಪು ಹುಡುಕುವವರ ಹೆದರಿಕೆಯಿಂದ ಮಾಡುತ್ತಿದ್ದೇನೋ? ಹೆತ್ತವರಿಗೆ ಈ ಅನುಮಾನ ಬರುತ್ತದೆಯೇ? ಕೇಳೋಣವೆಂದರೆ ಯಾರನ್ನು ಕೇಳುವುದು? ಪಕ್ಕದ ಮನೆಯ ತಿಮ್ಮಾಜಮ್ಮ ಒಂದು ದಿನ ನಲ್ಲಿಯ ಹತ್ತಿರ ಬಿಂದಿಗೆ ತೊಳೆಯುತ್ತ ಅಂದೇಬಿಟ್ಟಳು:

"ಮಾಡೋದೆಲ್ಲಾ ಮಾಡ್ತೀಯ ಜಲಜಾ, ಇಲ್ಲಾಂತ ಯಾರಂದ್ರು? ಆದ್ರೆ ಒಂದ್ ಹಲ್ಲು ನೋಯ್ಲಿ ನೋಡೋಣ. ಆವಾಗ ಗೊತ್ತಾಗತ್ತೆ, ಮಗು ಎಲ್ಲಿದೆ ನೀನೆಲ್ಲಿದೀಯ ಅಂತ."

ಅವಳು ಕೆಟ್ಟವಳಲ್ಲ. ಮಾತಿಗೆ ಅಂದದ್ದು. ಆದರೆ ಅವತ್ತಿನಿಂದ ನಾನು ಮಧ್ಯಾಹ್ನದ ಊಟವಾದ ಮೇಲೂ ಹಲ್ಲುಜ್ಜತೊಡಗಿದೆ.

ಪಾರಿಯ ಹಾಲುಹಲ್ಲೊಂದು ಅವಳ ಏಳನೆಯ ವರ್ಷದಲ್ಲಿ ಹುಳುಕಾಗಿತ್ತು. ನಾನು ನನ್ನ ದವಡೆ ಮುಟ್ಟಿಮುಟ್ಟಿ ನೋಡಿಕೊಂಡೆ. ಏನೂ ಇಲ್ಲ. ನೋವು ಹೋಗಿ ಕೂತದ್ದು ನಮ್ಮ ಅತ್ತೆ ಅಚ್ಚಮ್ಮನವರಿಗೆ, ಒಂದೂ ಹಲ್ಲಿಲ್ಲದ ಅವರ ಬೊಚ್ಚು ಒಸಡಿಗೆ. "ಹಲ್ಲಿಲ್ದೇ ಹಲ್ಲುನೋವು ಪಡೆಯೋ ಭಾಗ್ಯ ಯಾರಿಗುಂಟು!" ಎಂದು ಅವರು ಬೀದಿಗೆಲ್ಲ ಕೇಳುವಂತೆ ನರಳಿದರು. ನರಳಿಕೆಯಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ ನಾನು ಲವಂಗ ತರುವ ನೆಪದಲ್ಲಿ ಒಳಗೆ ಹೋದೆ. ಮಗು ಅಜ್ಜಿಯನ್ನು ಹಚ್ಚಿಕೊಂಡದ್ದು ನ್ಯಾಯವೇ. ನಾನು ಬಂದು ವರ್ಷವಷ್ಟೇ ಆಗಿತ್ತು.

ನಮ್ಮಲ್ಲಿ ಯಾರೂ ತಮ್ಮ ಬಾಯನ್ನು ತಾವೇ ಕನ್ನಡಿಯಲ್ಲಿ ನೋಡಿಕೊಳ್ಳುವುದಿಲ್ಲ. ಹುಳುಕು ಕಂಡರೆ ನಾಚಿಕೊಂಡು ಮುಚ್ಚಿಡುತ್ತಾರೆಂದು ಹಿಂದಿನವರು ಇನ್ನೊಬ್ಬರ ಕೈಯಲ್ಲಿ ನೋಡಿಸುವ ಪದ್ಧತಿ ಇಟ್ಟಿದ್ದಾರೆ. ಭಾನುವಾರ ಬೆಳಿಗ್ಗೆ ಬೆಳಕು ಬೀಳುವ ಕಡೆ ಮಣೆ ಹಾಕಿಕೊಂಡು ಮನೆಮನೆಯಲ್ಲೂ ಬಾಯಿ ನೋಡುತ್ತಾರೆ. ನಮ್ಮ ಮನೆಯಲ್ಲಿ ನಮ್ಮವರ ಬಾಯಿ ನಾನು ನೋಡುತ್ತಿದ್ದೆ, ಪಾರಿಯ ಬಾಯಿ ಅವಳಪ್ಪ ನೋಡುತ್ತಿದ್ದರು, ನನ್ನ ಬಾಯಿ ಪಾರಿ ನೋಡುತ್ತಿದ್ದಳು. ಅವಳು ನನ್ನ ಗದ್ದ ಹಿಡಿದು ದೊಡ್ಡ ಡಾಕ್ಟರಂತೆ ಹುಬ್ಬು ಗಂಟಿಕ್ಕಿ, ಚಮಚದ ಹಿಡಿಯಿಂದ ನಾಲಿಗೆ ಅದುಮಿ, ಕೊನೆಗೆ "ಚೊಕ್ಕ" ಎನ್ನುವಳು. ಆ ಮಾತು ಕೇಳಿದ ಮೇಲೆ ನನಗೆ ಒಂದು ವಾರ ನೆಮ್ಮದಿ.

ಅವಳಿಗೆ ಒಂಬತ್ತು ತುಂಬಿದ ವರ್ಷ, ಮಾವಿನಕಾಯಿ ಶುರುವಾಗುವ ಹೊತ್ತಿಗೆ, ಅವಳು ಎಡಗಡೆಯಲ್ಲೇ ಅಗಿಯುವುದು ನನ್ನ ಕಣ್ಣಿಗೆ ಬಿತ್ತು. ಮುದ್ದೆಯನ್ನು ಎಡಕ್ಕೆ ಒತ್ತಿ ನುಂಗುವಳು. ಬಲಗೆನ್ನೆಯನ್ನು ಕಂಬಕ್ಕೆ ಒತ್ತಿಕೊಂಡು ಓದುವಳು.

"ಹಲ್ಲು ನೋವಾ ಪಾರಿ?"

"ಇಲ್ಲ."

"ಮತ್ಯಾಕೆ ಕಂಬಕ್ಕೆ ಕೆನ್ನೆ ಕೊಟ್ಕೊಂಡಿದೀಯ?"

"ತಣ್ಣಗಿದೆ, ಅದಕ್ಕೆ."

ಅವಳ ಬಾಯಿ ಬಿಡಿಸಿ ನೋಡಿದೆ. ಮೊಲ್ಲೆ ಮೊಗ್ಗಿನ ಹಾಗೆ ಒಂದೊಂದೂ ಬೆಳ್ಳಗಿತ್ತು. ಅಲ್ಲಿಗೆ ಇದು ಬೇರೆ ಯಾರದೋ ಹಲ್ಲು ಎಂದಾಯಿತು. ಯಾರದೋ ಬಾಯಲ್ಲಿ ಒಂದು ಹುಳುಕು ಬೆಳೆಯುತ್ತಿದೆ, ಮಗು ಅದನ್ನು ಅನುಭವಿಸುತ್ತಿದೆ, ಆ ಮಹಾನುಭಾವರಿಗೆ ಗೊತ್ತೇ ಇಲ್ಲ. ಬೇಗ ಹುಡುಕದಿದ್ದರೆ ಹುಳುಕು ಬೇರಿಗೆ ಇಳಿಯುತ್ತದೆ, ಕೀವಾಗುತ್ತದೆ. ಅದರ ನೋವು ದೊಡ್ಡವರೇ ತಡೆಯಲಾರರು.

ಮೊದಲ ಅನುಮಾನ ಅಪ್ಪನ ಮೇಲೆಯೇ. ಆದರೆ ಅಪ್ಪನ ಬಾಯಿ ನೋಡುವವಳು ನಾನು. ಹಾಗಾದರೆ ತಪ್ಪು ನನ್ನದೇ. ನಮ್ಮವರು ಗಿರಣಿಯಿಂದ ಬಂದು ಮುಖ ತೊಳೆಯುವ ಮೊದಲೇ ಅವರನ್ನು ಕಿಟಕಿಯ ಪಕ್ಕ ಕೂರಿಸಿ ಬ್ಯಾಟರಿ ಬಿಟ್ಟು ನೋಡಿದೆ. ಒಂದೊಂದು ಹಲ್ಲಿಗೂ ಚಮಚದಲ್ಲಿ ತಟ್ಟಿದೆ. ಸಂದಿಗಳಲ್ಲಿ ದಾರ ಹಾಯಿಸಿದೆ.

"ಗಿರಣಿ ಬೆಲ್ಟು ನೋಡ್ದಂಗೆ ನೋಡ್ತಿದೀಯಲ್ಲೇ," ಎಂದರು ಬಾಯಿ ಮುಚ್ಚಲು ಬಿಟ್ಟಾಗ.

"ಮಾತಾಡ್ಬೇಡಿ. ಮಗು ನೋವು ತಿಂತಾ ಇದೆ."

ಅವರ ಮುಖ ಸಣ್ಣದಾಯಿತು. "ಇನ್ನೊಂದ್ಸಲ ನೋಡು ಹಂಗಾದ್ರೆ," ಎಂದು ತಾವೇ ಬಾಯಿ ತೆರೆದರು. ಏನೂ ಸಿಗಲಿಲ್ಲ. ರಾಗಿಹಿಟ್ಟು ಬಿಟ್ಟರೆ ಆ ಬಾಯಲ್ಲಿ ಕೊಳೆಯೆನ್ನುವುದು ಇರಲಿಲ್ಲ.

ಇನ್ನುಳಿದದ್ದು ಪಾರಿಯ ಸೋದರಮಾವ ಗೋವಿಂದರಾಜು. ಮಾರ್ಕೆಟ್ಟಿನ ಹಿಂದೆ ಅವನದು ಹಗ್ಗದ ಅಂಗಡಿ. ಅಕ್ಕನ ಮಗಳೆಂದರೆ ಜೀವ ಬಿಡುತ್ತಾನೆ, ಎಲೆ ಅಡಿಕೆಯನ್ನೂ ಬಿಡುವುದಿಲ್ಲ. ನಾನು ಹೋಗಿ ವಿಷಯ ಹೇಳಿದರೆ ಬಾಯಲ್ಲಿದ್ದುದನ್ನು ಉಗಿದು ಬಂದು ಪೆಚ್ಚಾಗಿ ನಿಂತ. "ಅಕ್ಕಾ, ನಂದೇ ಇರ್ಬೇಕು. ಬಿಟ್ಬಿಡ್ತೀನಿ. ಇವತ್ತಿಂದ ಬಿಟ್ಟೆ. ಕೀಳಿಸ್ಬಿಡಿ, ಎಲ್ಲಾನೂ ಕೀಳಿಸ್ಬಿಡಿ!" ಎಂದ. ಅವನ ಹಲ್ಲು ಕೆಂಪಗಿದ್ದವು, ಕಲೆ ಕಟ್ಟಿದ್ದವು, ಆದರೆ ಬಣ್ಣದ ಅಡಿಯಲ್ಲಿ ತೂತು ಇದೆಯೋ ಇಲ್ಲವೋ ನನಗೆ ಹೇಳಲಾಗಲಿಲ್ಲ. ಅದಕ್ಕೆ ತಣ್ಣೀರು ಕುಡಿಸಿಯೇ ನೋಡುವುದೆಂದು ತೀರ್ಮಾನಿಸಿದೆವು.

ತಣ್ಣೀರು ಕುಡಿಸುವುದು ಹೀಗೆ: ನೋವು ಬಂದವರನ್ನು ನಡುವೆ ಕೂರಿಸುತ್ತಾರೆ. ಅವರನ್ನು ಹಚ್ಚಿಕೊಂಡಿರಬಹುದಾದವರೆಲ್ಲ ಸುತ್ತ ಕೂತು ಒಬ್ಬೊಬ್ಬರಾಗಿ ಮಂಜುಗಡ್ಡೆ ಹಾಕಿದ ನೀರನ್ನು ಬಾಯಿತುಂಬ ತೆಗೆದುಕೊಳ್ಳುತ್ತಾರೆ. ಯಾರು ಕುಡಿದಾಗ ನಡುವಿನವರು ಮುಖ ಕಿವುಚುತ್ತಾರೋ ಹಲ್ಲು ಅವರದು. ಮುಖ ನೋಡಲು ಮನೆಯವರಲ್ಲದ ಒಬ್ಬರಿರಬೇಕು. ತಿಮ್ಮಾಜಮ್ಮ ಕರೆಯುವ ಮೊದಲೇ ಬಂದು ಮಣೆ ಎಳೆದುಕೊಂಡು ಪಾರಿಯ ಎದುರಿಗೆ ಕೂತಿದ್ದಳು.

ಭಾನುವಾರ ಹತ್ತು ಗಂಟೆ. ನಾನು ಐಸ್‌ಕ್ಯಾಂಡಿಯವನ ಹತ್ತಿರ ಮಂಜುಗಡ್ಡೆ ತಂದು ತಾಮ್ರದ ಕೊಳಗದಲ್ಲಿ ನೀರು ಮಾಡಿಟ್ಟಿದ್ದೆ. ಲೋಟಗಳನ್ನು ಎರಡೆರಡು ಸಲ ತೊಳೆದೆ. ಯಾರು ಮೊದಲು, ಯಾರು ಆಮೇಲೆ, ನಡುವೆ ಎಷ್ಟು ಹೊತ್ತು ಬಿಡಬೇಕು ಎಲ್ಲವನ್ನೂ ಹೇಳಿದೆ.

ಮೊದಲು ನಮ್ಮವರು ಕುಡಿದರು. ಕಣ್ಣು ಮುಚ್ಚಿಕೊಂಡು, ನೀರನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿಸಿದರು. ಪಾರಿ ಚಕ್ಕಳಮಕ್ಕಳ ಹಾಕಿಕೊಂಡು ಸುಮ್ಮನೆ ನೋಡುತ್ತಿದ್ದಳು.

"ಊಹೂಂ. ರೆಪ್ಪೇನೂ ಅಲುಗಿಲ್ಲ," ಎಂದಳು ತಿಮ್ಮಾಜಮ್ಮ.

ಆಮೇಲೆ ಗೋವಿಂದರಾಜು. ಒಂದು ಬಾಯಿ ತೆಗೆದುಕೊಂಡು ಮಗುವಿನ ಮುಖವನ್ನೇ ದಿಟ್ಟಿಸಿದ. ಪಾರಿ ಮಾವನನ್ನು ನೋಡಿ ಕಿಸಕ್ಕನೆ ನಕ್ಕಳು. ಅವನ ಬಾಯಿಯ ನೀರು ಮೂಗಿನಿಂದ ಬಂತು.

"ನಂದಲ್ಲ?" ಎಂದ, ಸಮಾಧಾನಪಡಬೇಕೋ ಬೇಸರಪಡಬೇಕೋ ತಿಳಿಯದೆ. "ಇನ್ನೊಂದು ಲೋಟ ಕೊಡಿ ಅಕ್ಕಾ. ಸರಿಯಾಗಿ ಕುಡೀಲಿಲ್ಲ."

"ನಂಗೂ ಕೊಡು," ಎಂದರು ಅತ್ತೆ ಮೂಲೆಯಿಂದ.

"ಅತ್ತೇ, ನಿಮಗೆ ಹಲ್ಲೆಲ್ಲಿದೆ?"

"ಹಲ್ಲಿಲ್ದಿದ್ರೆ ಏನಂತೆ, ಮೊಮ್ಮಗಳಿಲ್ವಾ? ಕೊಡು ಇಲ್ಲಿ." ಅವರು ಎರಡು ಲೋಟ ಕುಡಿದು ತಂಪಾಗಿದೆ ಎಂದರು.

ಒಂದು ಸುತ್ತು ಮುಗಿಯಿತು, ಇನ್ನೊಂದು ಸುತ್ತೂ ಆಯಿತು. ಪಾರಿಯ ಮುಖ ಕೆರೆಯ ನೀರಿನಂತೆ ಸುಮ್ಮನಿತ್ತು. ತಿಮ್ಮಾಜಮ್ಮ ಮಂಡಿ ಹಿಡಿದುಕೊಂಡು ಎದ್ದಳು. "ಮನೇವ್ರದಲ್ಲ ಇದು. ಊರಲ್ಲಿ ಇನ್ಯಾರೋ ಮಗೂನ ಮನಸ್ಸಿಗೆ ಹಚ್ಕೊಂಡಿದಾರೆ. ಸ್ಕೂಲ್ ಕಡೆ ವಿಚಾರ್ಸಿ. ಮೇಷ್ಟ್ರು, ಗೀಷ್ಟ್ರು..." ಎನ್ನುತ್ತ ಹೊರಟಳು. ನಮ್ಮವರು ಮೇಷ್ಟರ ಮನೆಗೆ ಹೋಗಿ ಬರುತ್ತೇನೆಂದು ಅಂಗಿ ಹಾಕಿಕೊಂಡರು, ಗೋವಿಂದರಾಜು ಜೊತೆಗೆ ಹೋದ. ಅತ್ತೆ ಒಳಗೆ ಹೋಗಿ ಮಲಗಿದರು.

ನನ್ನ ಕೈಗೆ ಒಂದು ಲೋಟ ಕೊಡಬೇಕೆಂದು ಯಾರಿಗೂ ಅನಿಸಿರಲಿಲ್ಲ. ಅದನ್ನು ಈಗ ಬರೆಯುವಾಗ ಯಾರ ಮೇಲೂ ಕೋಪವಿಲ್ಲ. ನನಗೇ ಅನಿಸಿರಲಿಲ್ಲ.

ಲೋಟಗಳನ್ನು ಎತ್ತಿಟ್ಟೆ, ನೆಲ ಒರೆಸಿದೆ. ಬೆಳಗಿನಿಂದ ಓಡಾಡಿ ಗಂಟಲು ಒಣಗಿತ್ತು. ಕೊಳಗದ ತಳದಲ್ಲಿ ಕರಗಿ ಉಳಿದಿದ್ದ ನೀರು ಚೆಲ್ಲಲು ಮನಸ್ಸಾಗದೆ ಹಾಗೇ ಬಗ್ಗಿಸಿಕೊಂಡು ಕುಡಿದೆ.

ಬಾಗಿಲ ಕಡೆಯಿಂದ ಸಣ್ಣಗೆ "ಸ್ಸ್" ಎಂದದ್ದು ಕೇಳಿಸಿತು.

ತಿರುಗಿ ನೋಡಿದೆ. ಪಾರಿ ಹೊಸಿಲ ಮೇಲೆ ಕೂತಿದ್ದಳು. ಅವಳ ಕೈ ಬಲಗೆನ್ನೆಯ ಮೇಲಿತ್ತು. ನಾನು ನೋಡುತ್ತಲೇ ಕೈಯನ್ನು ಕೆಳಗಿಳಿಸಿ ಲಂಗದ ಅಂಚು ಸರಿಮಾಡತೊಡಗಿದಳು.

ಕೊಳಗ ನನ್ನ ಕೈಯಲ್ಲೇ ಇತ್ತು. ಇನ್ನೊಂದು ಗುಟುಕು ಬಾಯಿಗೆ ಹಾಕಿಕೊಂಡು ಎಡಗಡೆ ನಿಲ್ಲಿಸಿದೆ. ಅವಳು ಅಲುಗಲಿಲ್ಲ. ಬಲಗಡೆಗೆ ಹೊರಳಿಸಿದೆ.

"ಬೇಡ ಚಿಕ್ಕಮ್ಮ," ಎಂದಳು. ಕಣ್ಣಲ್ಲಿ ನೀರು ಬಂದಿತ್ತು. "ಆ ಕಡೆ ಬೇಡ."

ನೀರನ್ನು ನುಂಗಿದೆನೋ ಉಗಿದೆನೋ ನೆನಪಿಲ್ಲ. ನಾನು ನೆಲಕ್ಕೆ ಕೂತುಬಿಟ್ಟೆ. ಇಷ್ಟು ವರ್ಷ ಪಾಠದಂತೆ ಉಜ್ಜಿದ ನನ್ನ ಬಾಯಲ್ಲಿ ಹುಳುಕು, ಅದರ ನೋವನ್ನು ಮಗು ತಿಂದಿದೆ ಎಂಬ ನಾಚಿಕೆ ಒಂದು ಕಡೆ. ಆ ನಾಚಿಕೆಯ ಅಡಿಯಿಂದ ಇನ್ನೊಂದು ಏನೋ, ಬೆಂಕಿಯ ಮೇಲಿಟ್ಟ ಹಾಲಿನಂತೆ, ತಡೆಯಲಾರದೆ ಮೇಲೇರಿ ಬರುತ್ತಿತ್ತು. ಮಗು ನರಳುತ್ತಿರುವಾಗ ಸಂತೋಷಪಡುವವಳು ಎಂಥ ಹೆಂಗಸು ಎಂದು ನನ್ನನ್ನು ನಾನೇ ಬೈದುಕೊಂಡೆ. ಆದರೂ ಅದು ನಿಲ್ಲಲಿಲ್ಲ.

"ನೀನು ಪ್ರತಿ ವಾರ ನನ್ನ ಬಾಯಿ ನೋಡ್ತೀಯಲ್ಲ ಪಾರಿ," ಎಂದೆ. "ಕಾಣಿಸ್ಲಿಲ್ವಾ?"

"ಕಾಣಿಸ್ತು."

"ಯಾವಾಗ?"

"ಸಂಕ್ರಾಂತಿ ಕಳೆದ ಮೇಲೆ. ಕೊನೇ ಹಲ್ಲು, ಹಿಂದುಗಡೆ. ಮೆಣಸಿನಕಾಳಿನಷ್ಟು ಕಪ್ಪಗೆ."

"ಮತ್ತೆ ಚೊಕ್ಕ ಅಂದೆ?"

ಹೊಸಿಲ ಮೇಲಿದ್ದ ರಂಗೋಲಿಯ ಎಳೆಯನ್ನು ಬೆರಳಿನಿಂದ ಅಳಿಸುತ್ತ ಕೂತಳು.

"ಯಾಕಮ್ಮಾ ಹೇಳ್ಲಿಲ್ಲ? ನಂಗೆ ಬೇಜಾರಾಗುತ್ತೆ ಅಂತ್ಲಾ?"

"ಅಲ್ಲ." ಒಂದೇ ಉಸಿರಿಗೆ ಅಂದಳು: "ಹೇಳಿದ್ರೆ ಕೀಳಿಸ್ಬಿಡ್ತೀರ. ಆಮೇಲೆ ನಂಗೆ ಬರಲ್ಲ. ನಂಗೆ ಬರ್ತಿದೆ ಅಂತ ನಾನು ಸ್ಕೂಲಲ್ಲಿ ಎಲ್ರಿಗೂ ಹೇಳಿದೀನಿ. ಸುಗುಣ ಸುಳ್ಳು ಅಂದ್ಲು. ನಿಮ್ಮ ಚಿಕ್ಕಮ್ಮಂದು ನಿಂಗ್ಯಾಕೆ ಬರುತ್ತೆ ಅಂದ್ಲು. ನಾನು ಅವಳ ಕೈನ ನನ್ನ ಕೆನ್ನೆ ಮೇಲೆ ಇಟ್ಟು ತೋರಿಸ್ದೆ, ಬಿಸಿಯಾಗಿತ್ತು. ಆವಾಗ ಸುಮ್ಮನಾದ್ಲು."

ನನಗೆ ಆಗ ಒಂದೊಂದಾಗಿ ತಿಳಿಯತೊಡಗಿತು. ಈ ಎರಡು ಮೂರು ತಿಂಗಳಿಂದ ನನ್ನ ತಟ್ಟೆಯಲ್ಲಿ ಏನು ಸಿಹಿ ಇದ್ದರೂ ಅವಳು ಕೈಹಾಕಿ ಕಿತ್ತುಕೊಳ್ಳುತ್ತಿದ್ದಳು. ಹುಡುಗಿಗೆ ಆಸೆಬುರುಕುತನ ಬಂದಿದೆಯೆಂದು ಗದರಿದ್ದೆ ಕೂಡ.

"ಕೊಬ್ಬರಿ ಮಿಠಾಯಿ ಕಿತ್ಕೊಂಡಿದ್ದು ಅದಕ್ಕಾ?"

"ನೀವು ಅದನ್ನ ತಿಂದ್ರೆ ಜೋರಾಗ್ ಬರುತ್ತೆ. ನಂಗೆ ಸ್ವಲ್ಪ ಬಂದ್ರೆ ಸಾಕು," ಎಂದಳು.

ನಮ್ಮವರು ಮೇಷ್ಟರ ಮನೆಯಿಂದ ಬರಿಗೈಯಲ್ಲಿ ಬಂದಾಗ ನಾವಿಬ್ಬರೂ ಹೊಸಿಲಿನ ಆ ಕಡೆ ಈ ಕಡೆ ಕೂತಿದ್ದೆವು. ನಾನು ವಿಷಯ ಹೇಳಿದೆ. ಅವರು ನನ್ನ ಗದ್ದ ಹಿಡಿದು ಮೇಲೆತ್ತಿ, ಬಾಯಿಯೊಳಗೆ ಒಂದು ಸಲ ನೋಡಿ, ಮೆಲ್ಲಗೆ ಗದ್ದವನ್ನು ಇದ್ದಲ್ಲಿಗೇ ಬಿಟ್ಟರು. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡರು. ಅತ್ತೆ ಎದ್ದು ಬಂದು ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡು, "ಅಲ್ವೇ, ಲೋಟ ಲೋಟ ನೀರು ನಮಗೆಲ್ಲ ಕುಡಿಸಿ, ಹುಳುಕನ್ನ ಬಾಯಲ್ಲಿಟ್ಕೊಂಡು ಓಡಾಡಿದ್ಯಲ್ಲೇ ಮಹರಾಯ್ತಿ!" ಎಂದರು. ತಿಮ್ಮಾಜಮ್ಮನಿಗೆ ಇದನ್ನು ನಾನೇ ಹೇಳಬೇಕೆಂದಿದ್ದೆ. ನಾನು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ತೆ ಅವಳ ಜಗಲಿ ಹತ್ತಿಯಾಗಿತ್ತು. "ತಿಮ್ಮಾಜೂ, ಹಲ್ಲು ಸಿಕ್ತು! ನಮ್ಮ ಸೊಸೇದು ಕಣೇ, ನಮ್ಮ ಸೊಸೇದು!" ಎಂದು ಅವರು ಕೂಗಿದ್ದು ನಮ್ಮ ಅಡುಗೆಮನೆಗೆ ಕೇಳಿಸಿತು.

ಮಾರನೆಯ ಬೆಳಿಗ್ಗೆ ಇನಾಯತ್ ಡಾಕ್ಟರ ಹತ್ತಿರ ಹೋದೆವು. ಅವರಲ್ಲಿ ಹಲ್ಲಿಗೊಂದು ಕುರ್ಚಿ, ನೋವಿಗೊಂದು ಸ್ಟೂಲು. ಯಾರೇ ಒಳಗೆ ಹೋಗಲಿ ಅವರು ಕೇಳುವ ಮೊದಲ ಮಾತು: "ಹಲ್ಲು ಯಾರ್ದು, ನೋವು ಯಾರ್ದು?"

"ಹಲ್ಲು ನಂದು," ಎಂದೆ ತಲೆ ತಗ್ಗಿಸಿ.

"ನೋವು ನಂದು," ಎಂದಳು ಪಾರಿ. ಹೊರಗೆ ಬೆಂಚಿನ ಮೇಲೆ ಕೂತವರಿಗೂ ಕೇಳುವಂತೆ ಎಂದಳು.

ಡಾಕ್ಟರು ನನ್ನನ್ನು ಕುರ್ಚಿಯಲ್ಲಿ ಒರಗಿಸಿ ಸಣ್ಣ ಕನ್ನಡಿ ತೂರಿಸಿದರು. "ಮುಂದಿನವನ್ನೆಲ್ಲ ಮುತ್ತಿನ ಹಾಗೆ ಇಟ್ಕೊಂಡಿದೀರಲ್ಲ. ಕೊನೇದನ್ನ ಮಾತ್ರ ಯಾಕೆ ಬಿಟ್ರಿ? ಅಲ್ಲೀವರೆಗೂ ಬ್ರಷ್ ಹೋಗ್ತಿಲ್ವಾ?"

"ಓಕರಿಕೆ ಬರುತ್ತೆ ಡಾಕ್ಟ್ರೇ. ಅದಕ್ಕೆ ಅಲ್ಲಿ ಸ್ವಲ್ಪ ಬೇಗ..."

"ಎಲ್ಲರೂ ಅಲ್ಲೇ ಜಾರೋದು. ಮಕ್ಕಳ ಬ್ರಷ್ ತಗೊಳ್ಳಿ, ಅದರ ತಲೆ ಚಿಕ್ಕದಿರುತ್ತೆ. ಬಾಯಿ ಪೂರ್ತಿ ತೆರೀಬೇಡಿ, ಅರ್ಧ ತೆರೆದು ಕೆನ್ನೆ ಪಕ್ಕದಿಂದ ತೂರಿಸಿ, ಹಲ್ಲಿನ ಬೆನ್ನಿಗೆ ತಾಗ್ಬೇಕು. ಉಸಿರು ಮೂಗಲ್ಲಿ." ಅವರು ಕನ್ನಡಿ ಒರೆಸಿದರು. "ಕೀಳೋ ಹಂತಕ್ಕೆ ಬಂದಿಲ್ಲ. ಕೆರೆದು ತುಂಬಿದ್ರೆ ಸಾಕು, ಮೊದಲಿನ ಹಾಗೇ ಆಗುತ್ತೆ."

ಇಂಜೆಕ್ಷನ್ನನ್ನು ಪಾರಿಯ ಒಸಡಿಗೆ ಕೊಟ್ಟರು. ಅವಳು ಅಳಲಿಲ್ಲ, ನನ್ನ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ನನ್ನ ಬಾಯಲ್ಲಿ ಯಂತ್ರ ತಿರುಗಿತು. ನನಗೆ ಗೋಡೆಯಾಚೆ ಯಾರೋ ಹೊಲಿಗೆ ಹಾಕುತ್ತಿರುವಂತೆ ಸದ್ದು ಕೇಳಿಸಿತೇ ಹೊರತು ಇನ್ನೇನೂ ಇಲ್ಲ. ನಾನು ಸೂರಿನ ಕಡೆ ನೋಡದೆ ಪಾರಿಯ ಮುಖವನ್ನೇ ನೋಡುತ್ತಿದ್ದೆ. ಕೆಳತುಟಿ ಒಂದು ಕಡೆ ಜೋತುಬಿದ್ದಿತ್ತು. ಅವಳು ಕಣ್ಣು ಮಿಟುಕಿಸದೆ ಡಾಕ್ಟರ ಕೈಯನ್ನು ನೋಡುತ್ತಿದ್ದಳು. ಅವರು ಕೆರೆದು ಮುಗಿಸಿ, ತುಂಬುವ ಹಸಿ ಸಿಮೆಂಟನ್ನು ಗಾಜಿನ ಬಿಲ್ಲೆಯ ಮೇಲೆ ಕಲಸುವಾಗ ಅವಳು ನನ್ನ ಹೆಬ್ಬೆರಳು ಬಿಡದೆ ಸ್ಟೂಲಿನಿಂದ ಇಳಿದು ಇನ್ನೊಂದು ಕೈಯಿಂದ ಅವರ ಕೋಟಿನ ಅಂಚು ಹಿಡಿದಳು.

"ಡಾಕ್ಟ್ರೇ, ಪೂರ್ತಿ ತುಂಬಬೇಡಿ. ಒಂಚೂರು ಬಿಟ್ಬಿಡಿ."

ಡಾಕ್ಟರು ನಗಲಿಲ್ಲ. ಕಲಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಏನಮ್ಮಾ? ಹಾಗೆ ಬಿಡಿಸ್ಕೊಂಡು ಹೋದೋರೂ ಇದಾರೆ. ಹೇಳಿ, ಇದು ಗಟ್ಟಿಯಾಗಿಬಿಡುತ್ತೆ."

ನನ್ನ ಬಾಯಿ ತೆರೆದಿತ್ತು, ಅದರ ತುಂಬ ಹತ್ತಿ. ಮಾತಾಡುವ ಹಾಗಿರಲಿಲ್ಲ. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂಚೂರು ಬಿಟ್ಟರೆ ಸಾಕು, ಇನ್ನು ಜೀವನದಲ್ಲಿ ನಾನು ನನ್ನನ್ನು ಆ ಪ್ರಶ್ನೆ ಕೇಳಿಕೊಳ್ಳಬೇಕಾಗಿರಲಿಲ್ಲ. ಅನುಮಾನ ಬಂದಾಗಲೆಲ್ಲ ಆ ಬಲಗೆನ್ನೆಯ ಕಡೆ ಒಮ್ಮೆ ನೋಡಿದರೆ ಉತ್ತರ ಸಿಗುತ್ತಿತ್ತು. ಮಗು ತಾನಾಗಿಯೇ ಕೇಳುತ್ತಿದೆ. ಸಾಕ್ಷಿ ಬೇಕಾಗಿದ್ದದ್ದು ಅವಳೊಬ್ಬಳಿಗೇ ಅಲ್ಲ.

ಆದರೆ ಒಂಚೂರು ಎಂದದ್ದು ಒಂಚೂರಾಗಿಯೇ ಉಳಿಯುವುದಿಲ್ಲ. ಅಷ್ಟನ್ನು ರಾತ್ರಿಶಾಲೆಯಲ್ಲಿ ಓದಿದ್ದೆ. ನಾನು ಬೇಡವೆಂದು ತಲೆಯಾಡಿಸಿದೆ. ಡಾಕ್ಟರಿಗೆ ಖಾತ್ರಿಯಾಗಲಿ ಎಂದು ಕೈಯನ್ನೂ ಆಡಿಸಿದೆ. ಪೂರ್ತಿ, ಪೂರ್ತಿ ತುಂಬಿ.

ಪಾರಿ ನನ್ನ ಹೆಬ್ಬೆರಳು ಬಿಟ್ಟಳು.

ವಾಪಸು ಬರುವಾಗ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಜೋಮು ಹಿಡಿದ ತುಟಿಯಿಂದ ಜೊಲ್ಲು ಇಳಿಯುತ್ತಿತ್ತು, ತೋಳಿಗೆ ಒರೆಸಿಕೊಳ್ಳುವಳು. ಕರೆದರೆ ನಿಲ್ಲಲಿಲ್ಲ. ಬಸ್‌ಸ್ಟಾಂಡಿನ ಹತ್ತಿರ ಜನ ಸಾಲಾಗಿ ನಿಂತಿದ್ದರು, ದಾಟಲಾಗದೆ ಅವಳು ನಿಂತಳು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಯಾಕ್ ಬೇಡ ಅಂದ್ರಿ?" ಎಂದಳು ರಸ್ತೆಯ ಕಡೆ ನೋಡುತ್ತ. ತುಟಿ ಆಡದೆ ಮಾತು ಮುದ್ದೆಮುದ್ದೆಯಾಗಿತ್ತು. "ಇನ್ಮೇಲೆ ನಂಗೆ ಹೆಂಗ್ ಗೊತ್ತಾಗ್ಬೇಕು?"

ನಮ್ಮ ಊರಿನಲ್ಲಿ ಕೆಲವು ಮಾತುಗಳನ್ನು ಯಾರೂ ಆಡುವುದಿಲ್ಲ. ಹಲ್ಲು ಹೇಳುವುದನ್ನು ಮನುಷ್ಯರು ಹೇಳಲು ಹೋದರೆ ಜನಕ್ಕೆ ನಂಬಿಕೆ ಬರುವುದಿಲ್ಲ. ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಗಂಡ ಹೆಂಡತಿಗೆ ಹೇಳುವುದಿಲ್ಲ, ತಾಯಿ ಮಗನಿಗೆ ಹೇಳುವುದಿಲ್ಲ. ನನಗೂ ಯಾರೂ ಹೇಳಿದ್ದಿಲ್ಲ. ಹೇಗೆ ಹೇಳಬೇಕು, ಎಷ್ಟು ಗಟ್ಟಿಯಾಗಿ ಹೇಳಬೇಕು, ಒಂದೂ ಗೊತ್ತಿರಲಿಲ್ಲ.

"ಪಾರೀ," ಎಂದೆ. "ನಂಗೆ ಈ ಊರಲ್ಲಿ ಎಲ್ಲರಿಗಿಂತ ನೀನೇ ಹೆಚ್ಚು."

ದನಿ ನಾನೆಣಿಸಿದ್ದಕ್ಕಿಂತ ಜೋರಾಗಿಬಿಟ್ಟಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬುಟ್ಟಿ ಹಿಡಿದಿದ್ದ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಂಡಕ್ಟರು ಸೀಟಿ ಊದುವುದನ್ನು ಮರೆತು ಹಾಗೇ ನಿಂತ. ಪಾರಿಯ ಕಿವಿ ಕೆಂಪಗಾದವು.

"ಎಲ್ರೂ ನೋಡ್ತಿದಾರೆ," ಎಂದಳು.

"ನೋಡ್ಲಿ."

ಅವಳು ತಲೆ ತಗ್ಗಿಸಿಕೊಂಡು ಸಾಲನ್ನು ಸೀಳಿ ಸರಸರನೆ ರಸ್ತೆ ದಾಟಿದಳು. ನಾನು ಹಿಂದೆಯೇ ಓಡಿದೆ, ತಪ್ಪು ಮಾಡಿದೆನೇನೋ, ಮಗುವಿಗೆ ನಾಲ್ಕು ಜನರ ಮುಂದೆ ಅವಮಾನ ಮಾಡಿದೆನೇನೋ ಎಂದುಕೊಳ್ಳುತ್ತ. ನಮ್ಮ ಬೀದಿಯ ತಿರುವಿನಲ್ಲಿ ಅವಳು ನಿಂತಳು. ಆ ಕಡೆ ಈ ಕಡೆ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ವಾಪಸು ಬಂದು ನನ್ನ ಕಿರುಬೆರಳು ಹಿಡಿದುಕೊಂಡಳು.

"ಇನ್ನೊಂದ್ಸಲ ಹೇಳು," ಎಂದಳು. "ಮೆತ್ತಗೆ."